ಖಾಲಿ ಸೀಟಿಗೂ ವಶೀಲಿ

ನಮ್ಮ ಕಿಟ್ಟಿ ಭಾವ ಈ ಜನ್ಮದಲ್ಲಿ ಯಾವ ಕ್ಯೂನಲ್ಲೂ ನಿಂತವರಲ್ಲ. ಕಾಲುನೋವಿನಿಂದಲ್ಲ, ತತ್ವಕ್ಕಾಗಿ. ಸಾಲಿನಲ್ಲಿ ನಿಂತು ಸಿಗುವ ಪದಾರ್ಥದಲ್ಲಿ ಏನೋ ಒಂದು ಐಬು ಇದ್ದೇ ಇರುತ್ತದೆ ಎಂಬುದು ಅವರ ನಂಬಿಕೆ. ರೈಲಿನ ಲೋಯರ್ ಬರ್ತಿರಲಿ, ಕಲ್ಯಾಣ ಮಂಟಪವಿರಲಿ, ವೈಕುಂಠ ಏಕಾದಶಿಯ ದರ್ಶನವಿರಲಿ, ಮೊದಲು ಒಳಗಿನವರೊಬ್ಬರನ್ನು ಹುಡುಕಬೇಕು. ಆಮೇಲೆ ಆ ಒಳಗಿನವರಿಗೆ ಬೇಕಾದವರೊಬ್ಬರನ್ನು ಹುಡುಕಬೇಕು. ಅವರ ಬಾಯಲ್ಲಿ ಒಂದು ಮಾತು ಹೇಳಿಸಬೇಕು. ಗಾಂಧಿ ಬಜಾರಿಗೆ ದೋಸೆ ತಿನ್ನಲು ಹೋಗುವ ಮುಂಚೆ ಹೋಟೆಲಿನ ಸಪ್ಲೈಯರ್‌ನ ಷಡ್ಡಕನಿಂದ ಫೋನ್ ಮಾಡಿಸಿದ ಮಹಾನುಭಾವರು ಇವರು. ದೋಸೆ ಎಲ್ಲರಿಗೂ ಬಂದ ಹಾಗೆಯೇ ಬಂತು, ಸ್ವಲ್ಪ ತಡವಾಗಿಯೇ ಬಂತು. “ನೋಡ್ದ್ಯಾ, ನಮಗೇಂತ ಬೇರೆ ಹುಯ್ಸಿದಾರೆ” ಎಂದು ಭಾವ ನನಗೆ ಕಣ್ಣು ಹೊಡೆದರು.

ನಾನು ಅವರ ಹೆಂಡತಿ ಕಾತ್ಯಾಯಿನಿಯ ತಮ್ಮ. ತ್ಯಾಗರಾಜನಗರದ ಅವರ ಮನೆಯ ಮಹಡಿಯಲ್ಲೇ ನನ್ನ ವಾಸ. ಮೇಲಾಗಿ ನನ್ನ ಹತ್ತಿರ ಒಂದು ಹಳೆಯ ಕಾರಿದೆ. ಆದ್ದರಿಂದ ಈ ಕಥೆಯುದ್ದಕ್ಕೂ ನಾನು ಡ್ರೈವರ್ರು. ನನ್ನನ್ನು ಯಾರೂ ಕೇಳಲಿಲ್ಲ, ನಾನೂ ಒಪ್ಪಲಿಲ್ಲ, ಆದರೂ ಆಗಿಬಿಟ್ಟೆ.

ಭಾವನ ಒಬ್ಬನೇ ಮಗ ಆಶ್ರಿತ್ ಈ ವರ್ಷ ಸೆಕೆಂಡ್ ಪಿಯುಸಿ ಕಾಮರ್ಸ್ ಮುಗಿಸಿದ. ಐವತ್ತನಾಲ್ಕು ಪರ್ಸೆಂಟ್. ಫೇಲಾಗಿದ್ದರೆ ಅಳಬಹುದಿತ್ತು, ತೊಂಬತ್ತು ಬಂದಿದ್ದರೆ ಪೇಡಾ ಹಂಚಬಹುದಿತ್ತು. ಈ ಐವತ್ತನಾಲ್ಕನ್ನು ಇಟ್ಟುಕೊಂಡು ಏನು ಮಾಡುವುದು ಎಂದು ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ. ಹುಡುಗನಿಗಂತೂ ಮೊದಲೇ ತಿಳಿಯದು. ಮುಂದೆ ಏನು ಓದ್ತೀಯೋ ಅಂದರೆ “ಏನೋ ಒಂದು” ಅನ್ನುತ್ತಾನೆ. ಎಲ್ಲಿ ಓದ್ತೀಯೋ ಅಂದರೆ “ಎಲ್ಲೋ ಒಂದ್ಕಡೆ” ಅನ್ನುತ್ತಾನೆ. ಕೆಟ್ಟ ಹುಡುಗನಲ್ಲ. ತಟ್ಟೆ ತೊಳೆದಿಡುತ್ತಾನೆ, ಹಾಲು ತರುತ್ತಾನೆ, ಕರೆದರೆ ಮೂರನೇ ಸಲಕ್ಕೆ ಬರುತ್ತಾನೆ.

ಮದುವೆಮನೆಯಲ್ಲಿ, ಮುಂಜಿಮನೆಯಲ್ಲಿ, ಹಾಲಿನ ಬೂತಿನಲ್ಲಿ, ಎಲ್ಲಿ ಸಿಕ್ಕವರೂ ಅವನನ್ನು ಕೇಳುತ್ತಿದ್ದುದು ಒಂದೇ ಪ್ರಶ್ನೆ. “ಎಷ್ಟು ಬಂತಪ್ಪ?” ಹುಡುಗ ಹೇಳುತ್ತಿದ್ದ. ಅವರು “ಓ” ಎನ್ನುತ್ತಿದ್ದರು. ಆ ‘ಓ’ ಆದ ಮೇಲೆ ಅವರಿಗೆ ಎಲ್ಲಿಗೋ ಹೋಗುವ ಕೆಲಸ ನೆನಪಾಗುತ್ತಿತ್ತು. ಬರುಬರುತ್ತ ಹುಡುಗ ಹಾಲಿಗೆ ಬೆಳಗಿನ ಆರು ಗಂಟೆಗಿಂತ ಮುಂಚೆಯೇ ಹೋಗಿ ಬಂದು ಮತ್ತೆ ಮಲಗತೊಡಗಿದ.

ಕಾಲೇಜು ಹುಡುಕಾಟ ನಡೆಯಲಿಲ್ಲ ಅಂತಲ್ಲ. ಜಯನಗರದ ಒಂದು ಕಾಲೇಜಿನಲ್ಲಿ ಗೇಟಿನ ವಾಚ್‌ಮನ್ನೇ ಪರ್ಸೆಂಟೇಜ್ ಕೇಳಿ, ಪಾರ್ಕಿಂಗ್ ತೋರಿಸದೆ ವಾಪಸ್ಸು ಕಳಿಸಿದ. ಜೆ.ಪಿ. ನಗರದಲ್ಲಿ ಕೋಟು ಹಾಕಿಕೊಂಡ ಮೇಡಂ ಒಬ್ಬರು, “ಐದು ವರ್ಷ ಆದ್ಮೇಲೆ ನೀವು ಎಲ್ಲಿರ್ತೀರಾ?” ಎಂದು ಹುಡುಗನನ್ನು ಇಂಗ್ಲಿಷಿನಲ್ಲಿ ಕೇಳಿದರು. ಅವನು ತುಂಬ ಯೋಚಿಸಿ “ತ್ಯಾಗರಾಜನಗರ” ಎಂದ. ಬಿ.ಟಿ.ಎಂ. ಲೇಔಟಿನಲ್ಲಿ ಕೆಳಗೆ ಸೋಫಾ ಅಂಗಡಿ, ಮೇಲೆ ಕಾಲೇಜು. ಭಾವ ತಪ್ಪಿ ಕೆಳಗೇ ನುಗ್ಗಿ ತಮಗೆ ಯಾರ್ಯಾರು ಗೊತ್ತು ಅಂತ ಅರ್ಧ ಗಂಟೆ ಹೇಳಿದರು. ಅಂಗಡಿಯವನು ಎಲ್ಲಾ ಕೇಳಿ ಡಿಸ್ಕೌಂಟ್ ಕೊಡಲು ಒಪ್ಪಿದ. ಬಿಳೇಕಹಳ್ಳಿಯ ಕಡೆ ಹೋದಾಗ ಭಾವ ಅಲ್ಲಿನ ಹೆಸರಾಂತ ಮ್ಯಾನೇಜ್‌ಮೆಂಟ್ ಸಂಸ್ಥೆಯ ದೊಡ್ಡ ಗೇಟಿನ ಮುಂದೆ ಕಾರು ನಿಲ್ಲಿಸಲು ಹೇಳಿ, “ನೋಡ್ಕೋ ಮಗು, ಮುಂದೊಂದಿನ ಇಲ್ಲಿಗೇ ಬರ್ಬೇಕು ನೀನು” ಎಂದರು. ಆಶ್ರಿತ್ ನೋಡಿದ. “ಆ ಗಾಡೀಲಿ ಎಳನೀರು ಚೆನ್ನಾಗಿರೋ ಹಾಗಿದೆ ಅಪ್ಪ” ಎಂದ.

ಕೊನೆಗೆ ಒಂದು ಸೋಮವಾರ ಬೆಳಿಗ್ಗೆ ಅಕ್ಕ ಕಾಫಿ ಲೋಟ ಕುಕ್ಕಿದಳು.

“ಈ ಶನಿವಾರಕ್ಕೆ ಎಲ್ಲಾ ಕಡೆ ಅಡ್ಮಿಷನ್ ಮುಗ್ದುಹೋಗತ್ತಂತೆ. ಅಷ್ಟರೊಳಗೆ ಸೀಟಾಗ್ಲಿಲ್ಲ ಅಂದ್ರೆ ಮಗೂದು ಒಂದು ವರ್ಷ ಹಾಳು. ನೀವು ರಿಟೈರಾಗಿ ಸೋಫಾದ ಆ ಕಡೆ ಕೂತಿದೀರ, ಅವ್ನು ಬಂದು ಈ ಕಡೆ ಕೂತ್ಕೋತಾನೆ. ಇಬ್ಬಿಬ್ರಿಗೆ ಹನ್ನೊಂದು ಗಂಟೆ ಕಾಫಿ ಮಾಡಕ್ಕೆ ನನ್ ಕೈಲಾಗಲ್ಲ, ಈಗ್ಲೇ ಹೇಳಿದೀನಿ.”

ಅಂದೇ ನಮ್ಮ ಕಾರು ಕನಕಪುರ ರಸ್ತೆ ಹಿಡಿದು ತಲಘಟ್ಟಪುರದ ತನಕ ಹೋಯಿತು. ಅಲ್ಲಿ ಮುಖ್ಯರಸ್ತೆಯಿಂದ ಸ್ವಲ್ಪ ಒಳಗೆ ‘ವಿದ್ಯಾಕುಂಭ ಪ್ರಥಮ ದರ್ಜೆ ಕಾಲೇಜು’ ಕಂಡಿತು. ಹೊಸ ಬಣ್ಣ, ಎದುರಿಗೆ ದೊಡ್ಡ ಹೊಂಗೆ ಮರ. ಕಟ್ಟಡದ ಅರ್ಧ ಮುಚ್ಚುವಷ್ಟು ಫ್ಲೆಕ್ಸ್‌ನಲ್ಲಿ ‘ಪ್ರವೇಶ ಪ್ರಾರಂಭವಾಗಿದೆ, ಬನ್ನಿ’ ಎಂದು ಬರೆದಿತ್ತು. ಗೇಟು ಹಾರು ಹೊಡೆದಿತ್ತು. ವಾಚ್‌ಮನ್ ಮಲಗಿದ್ದ, ಅವನ ಪಕ್ಕದಲ್ಲಿ ನಾಯಿ ಮಲಗಿತ್ತು.

“ಒಳಗೆ ಹೋಗಿ ಕೇಳೋಣ ಭಾವ” ಎಂದೆ.

ಭಾವ ನನ್ನನ್ನು ಕನಿಕರದಿಂದ ನೋಡಿದರು. “ಎಷ್ಟು ವರ್ಷದಿಂದ ನನ್ ಜೊತೆ ಇದೀಯ, ಏನೂ ಕಲೀಲಿಲ್ವಲ್ಲೋ! ಹಾಗೆ ಸುಮ್ನೆ ಹೋಗಿ ಕೇಳಿದ್ರೆ ‘ಇಲ್ಲ’ ಅಂದ್ಬಿಡ್ತಾರೆ. ಒಂದ್ಸಲ ಇಲ್ಲ ಅನ್ನಿಸ್ಕೊಂಡ್ರೆ ಆಮೇಲೆ ದೇವ್ರು ಬಂದು ಹೇಳಿದ್ರೂ ಹೌದು ಅನ್ಸೋದು ಕಷ್ಟ. ಇಂಥಾ ಚೆಂದದ ಬಿಲ್ಡಿಂಗು, ಇಷ್ಟ್ ದೊಡ್ಡ ಗೇಟು, ಇಲ್ಲಿ ಸೀಟು ಹಾದೀಲಿ ಬಿದ್ದಿರತ್ತಾ? ಗಾಡಿ ತಿರುಗ್ಸು.”

ಗಾಡಿ ತಿರುಗಿಸಿದೆ. ಆಶ್ರಿತ್ ಹಿಂದಿನ ಸೀಟಿನಿಂದ ಆ ನಾಯಿಯನ್ನೇ ನೋಡುತ್ತಿದ್ದ.

ಮಂಗಳವಾರ ಬನಶಂಕರಿಯಲ್ಲಿ ಭೀಮೇಶನ ಆಫೀಸಿಗೆ ಹೋದೆವು. ಭೀಮೇಶ ಅಂದರೆ ನಮ್ಮ ಏರಿಯಾದ ಯುವ ಮುಖಂಡ. ಹಿಂಬಾಲಕರು ಯಾರು ಅಂತ ಕೇಳಬೇಡಿ, ಅಲ್ಲಿ ಎಲ್ಲರೂ ಮುಖಂಡರೇ. ವರ್ಷಕ್ಕೊಂದು ಗಣೇಶ, ತಿಂಗಳಿಗೊಂದು ಹುಟ್ಟುಹಬ್ಬದ ಫ್ಲೆಕ್ಸು. ಅವನಿಗೆ ವಿದ್ಯಾಕುಂಭ ಎಂಬ ಕಾಲೇಜಿದೆ ಅಂತಲೇ ಗೊತ್ತಿರಲಿಲ್ಲ. ಆದರೆ ಗೊತ್ತಿಲ್ಲ ಎಂದು ಹೇಳುವ ಅಭ್ಯಾಸವೂ ಇರಲಿಲ್ಲ. ತನ್ನ ಹುಡುಗನೊಬ್ಬನಿಂದ ಪ್ರಿನ್ಸಿಪಾಲರ ನಂಬರು ಹುಡುಕಿಸಿ ನಮ್ಮೆದುರಿಗೇ ಫೋನ್ ಹಚ್ಚಿದ.

“ಸಾರ್, ಭೀಮೇಶ್ ಮಾತಾಡ್ತಿರೋದು, ಬನಶಂಕರಿ. ನಮ್ಮುಡುಗ ಒಬ್ಬ ಬರ್ತಾನೆ, ಕಿಟ್ಟಪ್ಪನವ್ರ ಮಗ. ನೋಡ್ಕೊಳ್ಳಿ. ಏನೂ ಹೆಚ್ಚುಕಡಿಮೆ ಆಗ್ಬಾರ್ದು. ಆದ್ರೆ ನಾವೇ ಬರ್ಬೇಕಾಗತ್ತೆ. ಆಯ್ತಾ? ಇಡ್ತೀನಿ.”

ಆ ಕಡೆಯಿಂದ ಏನು ಉತ್ತರ ಬಂತೋ ಕೇಳಿಸಲಿಲ್ಲ. ಭಾವ ಮಾತ್ರ ಹಿಗ್ಗಿ ಹೀರೇಕಾಯಿಯಾದರು.

ಬುಧವಾರ ಮತ್ತೆ ತಲಘಟ್ಟಪುರ. ಕಾಲೇಜು ನಿಂತಿರುವ ಜಾಗ ಒಂದು ಕಾಲದಲ್ಲಿ ಪಿಳ್ಳಣ್ಣ ಎಂಬುವರ ರಾಗಿ ಹೊಲವಾಗಿತ್ತು ಎಂದು ಭಾವ ಎಲ್ಲಿಂದಲೋ ಪತ್ತೆ ಮಾಡಿದ್ದರು. ಪಿಳ್ಳಣ್ಣನ ಮನೆ ಕಾಲೇಜಿನ ಎದುರಿಗೇ ಇತ್ತು. ಕಾರನ್ನು ಹೊಂಗೆ ಮರದ ನೆರಳಲ್ಲಿ ನಿಲ್ಲಿಸಿ, ಮಾರ್ಕ್ಸ್ ಕಾರ್ಡಿನ ಫೈಲನ್ನು ಆಶ್ರಿತನ ತೊಡೆಯ ಮೇಲಿಟ್ಟು, “ದೊಡ್ಡೋರ ಮಾತು, ನೀನು ಇಲ್ಲೇ ಕೂತಿರು” ಎಂದು ಹೇಳಿ ನಾವಿಬ್ಬರೂ ಒಳಗೆ ಹೋದೆವು.

ಪಿಳ್ಳಣ್ಣ ಜಗಲಿಯ ಮೇಲೆ ಕೂತು ಅಡಕೆ ಕತ್ತರಿಸುತ್ತಿದ್ದರು. ಭಾವ ಐದು ನಿಮಿಷ ಪೀಠಿಕೆ ಹಾಕಿ ವಿಷಯಕ್ಕೆ ಬಂದರು. ಪಿಳ್ಳಣ್ಣ ಅಡಕತ್ತರಿ ಕೆಳಗಿಟ್ಟರು.

“ಅಲ್ಲಿಗ್ಯಾಕ್ ಸ್ವಾಮಿ ವಶೀಲಿ? ಹೋಗಿ ಬಾಗ್ಲಲ್ಲಿ ನಿಂತ್ಕಂಡ್ರೆ ಸಾಕು, ಕೈ ಹಿಡ್ದು ಎಳ್ಕಂಡು ಸೇರುಸ್ಕತಾರೆ. ಹುಡುಗ್ರೇ ಇಲ್ಲ ಅಲ್ಲಿ. ಹೋದ್ ವರ್ಷ ನಮ್ಮ ಕುರಿ ಒಂದು ಒಳೀಕ್ ಹೊಂಟೋಗಿತ್ತು. ಬಿಡುಸ್ಕಂಡ್ ಬರೋ ಹೊತ್ಗೆ ಸಾಕುಸಾಕಾಯ್ತು.”

ಅವರ ಹೆಂಡತಿ ಕೆಂಪಕ್ಕ ಮಜ್ಜಿಗೆ ತಂದಿಡುತ್ತ, “ಬಿಟ್ಟಿದ್ರೆ ಈಗ ಅದು ಎಲ್ಡ್ನೇ ವರ್ಸ ಓದ್ತಿತ್ತು” ಎಂದರು.

ನಾನು ಮಜ್ಜಿಗೆಯನ್ನು ಮೂಗಿಗೆ ಏರಿಸಿಕೊಂಡು ಕೆಮ್ಮಿದೆ. ಭಾವ ನಗಲಿಲ್ಲ. ದೊಡ್ಡ ಮನುಷ್ಯರು ಕೆಲಸ ಮಾಡಿಕೊಡಲು ಮನಸ್ಸಿಲ್ಲದಿದ್ದರೆ ‘ಅದೇನು ಮಹಾ, ನೀವೇ ಹೋಗಿ’ ಎಂದು ಜಾರಿಕೊಳ್ಳುತ್ತಾರೆಂಬುದು ಅವರ ನಲವತ್ತು ವರ್ಷದ ಸರ್ಕಾರಿ ಅನುಭವ. ಎದ್ದು ನಿಂತು ಎರಡೂ ಕೈ ಜೋಡಿಸಿದರು. ಕಣ್ಣಲ್ಲಿ ನೀರು ಬೇರೆ.

“ಹಾಗನ್ಬೇಡಿ ಪಿಳ್ಳಣ್ಣನವ್ರೇ. ಒಬ್ಬನೇ ಮಗ. ಎಲ್ಲಾ ಕಡೆ ಬಾಗಿಲು ಹಾಕ್ಬಿಟ್ಟಿದಾರೆ. ನೀವು ಒಂದು ಮಾತು ಹೇಳಿದ್ರೆ ಉಳ್ಕೋತಾನೆ.”

ಪಿಳ್ಳಣ್ಣನ ಮುಖ ಗಂಭೀರವಾಯಿತು. ಸುಮ್ಮನೆ ಸಿಗುವ ಸೀಟಿಗೆ ಒಬ್ಬ ಮನುಷ್ಯ ಇಷ್ಟು ಗೋಗರೆಯುತ್ತಾನೆಂದರೆ ಒಳಗೆ ಏನೋ ಇರಲೇಬೇಕಲ್ಲ? ಧ್ವನಿ ತಗ್ಗಿಸಿ ಕೇಳಿದರು. “ಏನ್ ಸ್ವಾಮಿ, ಹುಡ್ಗ ಏನಾರಾ ಮಾಡ್ಕಂಡವ್ನಾ?”

“ಏನೂ ಮಾಡ್ಕೊಂಡಿಲ್ಲ, ಅದೇ ನಮ್ಮ ತಲೆನೋವು” ಎಂದು ಭಾವ ನಿಟ್ಟುಸಿರು ಬಿಟ್ಟರು.

ಕೆಂಪಕ್ಕ ಗಂಡನ ಮುಖ ನೋಡಿದರು. ಗಂಡ ಕೆಂಪಕ್ಕನ ಮುಖ ನೋಡಿದರು. “ಆಯ್ತು ಬುಡಿ, ಹೇಳ್ತೀನಿ. ವಯಸ್ಸಿನ್ ಹುಡ್ಗ, ಏನೋ ಆಗೋಗಿರ್ತದೆ” ಎಂದರು ಪಿಳ್ಳಣ್ಣ.

ಮರಳಿ ಬಂದಾಗ ಕಾರಿನಲ್ಲಿ ಆಶ್ರಿತ್ ಕೂತಿದ್ದ. ಕಾರು ಹೊರಟ ಕೂಡಲೇ, “ಅಪ್ಪಾ, ಒಂದು ವಿಷ್ಯ ಹೇಳ್ಬೇಕಿತ್ತು” ಎಂದ.

“ಸ್ವಲ್ಪ ಇರೋ, ನಿನ್ ವಿಷ್ಯಾನೇ ಮಾತಾಡ್ತಿದೀನಿ” ಎಂದು ಭಾವ ಆಗಲೇ ಫೋನ್ ಕಿವಿಗಿಟ್ಟುಕೊಂಡಿದ್ದರು. ಹುಡುಗ ನನ್ನ ಕಡೆ ತಿರುಗಿ “ಮಾಮ” ಎಂದ. ಸಾರಕ್ಕಿ ಸಿಗ್ನಲ್ಲಿನಲ್ಲಿ ಒಬ್ಬ ಆಟೋದವನು ನನ್ನ ಬಂಪರಿನೊಳಗೆ ಬರುವ ಪ್ರಯತ್ನದಲ್ಲಿದ್ದ. “ಆಮೇಲೋ” ಎಂದೆ. ಮನೆಯಲ್ಲಿ ಅಮ್ಮನ ಹತ್ತಿರ ಹೋದ. ಅಕ್ಕ, “ಕಾಲೇಜ್ ವಿಷ್ಯ ಎಲ್ಲಾ ಅಪ್ಪನ್ ಹತ್ರ ಮಾತಾಡು, ನಾನು ಆ ಜವಾಬ್ದಾರಿ ಅವ್ರಿಗೆ ಕೊಟ್ಟಾಗಿದೆ” ಎಂದಳು. ಹುಡುಗ ತಟ್ಟೆ ತೊಳೆದಿಟ್ಟು ಹೋಗಿ ಮಲಗಿದ.

ಗುರುವಾರ, ಶುಕ್ರವಾರ ವಶೀಲಿಯ ಸುಗ್ಗಿ. ಭಾವನ ಹಳೆಯ ಸಹೋದ್ಯೋಗಿ ಚಿಕ್ಕಬೈರಪ್ಪನವರು ಪ್ರಿನ್ಸಿಪಾಲರಿಗೆ ಫೋನ್ ಮಾಡಿ, “ಕಿಟ್ಟಪ್ಪನ ಮಗನಿಗೆ ನಾನು ಜವಾಬ್ದಾರಿ. ಬೇಕಾದ್ರೆ ಬರ್ದು ಕೊಡ್ತೀನಿ” ಎಂದರು. ಅಕ್ಕ ತನ್ನ ಕಡೆಯಿಂದಲೂ ಇರಲಿ ಅಂತ ದೇವಸ್ಥಾನದ ಅರ್ಚಕರಿಗೆ ಹೇಳಿದ್ದಳು. ಅವರು ಪ್ರಿನ್ಸಿಪಾಲರಿಗೆ ಫೋನ್ ಮಾಡಿ, “ಹುಡುಗನಿಗೆ ಗ್ರಹಗತಿ ಸ್ವಲ್ಪ ಉಗ್ರವಾಗಿದೆ, ಶಾಂತಿ ಮಾಡಿಸಿದೀವಿ, ಇನ್ನೇನೂ ಭಯ ಇಲ್ಲ” ಎಂದು ಧೈರ್ಯ ತುಂಬಿದರಂತೆ. ಪಿಳ್ಳಣ್ಣನವರು ಖುದ್ದು ಹೋಗಿ, “ಏನೇ ಮಾಡ್ಕಂಡಿದ್ರೂ ಹೊಟ್ಟೆಗಾಕಳಿ ಸ್ವಾಮಿ, ಒಬ್ನೇ ಮಗ, ಎಲ್ಲಾ ಕಡೆ ಬಾಗ್ಲಾಕವ್ರಂತೆ” ಎಂದು ಬಂದರು. ಇದಲ್ಲದೆ ಭೀಮೇಶ ದಿನಕ್ಕೆರಡು ಸಲ “ನಮ್ಮುಡುಗ ಬಂದ್ನಾ?” ಎಂದು ವಿಚಾರಿಸುತ್ತಿದ್ದ.

“ಈಗ ನೋಡು, ಪ್ರಿನ್ಸಿಪಾಲ್ ಅಲ್ಲಾಡಿ ಹೋಗಿರ್ತಾರೆ” ಎಂದು ಭಾವ ಕೈ ಉಜ್ಜಿಕೊಂಡರು. ಆ ಮಾತು ಅಕ್ಷರಶಃ ನಿಜವಾಗಿತ್ತು.

ಶನಿವಾರ ಬೆಳಿಗ್ಗೆ ಭಾವ ತಮ್ಮ ಮದುವೆ ವಾರ್ಷಿಕೋತ್ಸವದ ಸಫಾರಿ ಹಾಕಿದರು. ಡಿಕ್ಕಿಯಲ್ಲಿ ಹಣ್ಣಿನ ಬುಟ್ಟಿ, ಜರಿ ಶಾಲು, ಗಂಧದ ಹಾರ, ಮೈಸೂರು ಪೇಟ. ಸೀಟು ಕೊಟ್ಟ ಕೂಡಲೇ ಪ್ರಿನ್ಸಿಪಾಲರಿಗೆ ಸನ್ಮಾನ ಮಾಡುವುದೆಂದು ಯೋಜನೆ. ಅಕ್ಕನೂ ರೇಷ್ಮೆ ಸೀರೆಯಲ್ಲಿ ಹೊರಟಳು. ಆಶ್ರಿತ್ ದಾರಿಯಲ್ಲಿ ಮತ್ತೊಮ್ಮೆ, “ಅಪ್ಪಾ, ಇವತ್ತು ಹೇಗೂ ಹೋಗ್ತಿದೀವಲ್ಲ, ಅದಕ್ಕೇ ಹೇಳ್ತೀನಿ, ನೀವು ಅಲ್ಲಿ ಒಂದು ಸಹಿ...” ಎಂದು ಶುರುಮಾಡಿದ.

“ಸಹಿ ಗಿಹಿ ಎಲ್ಲಾ ಅವ್ರೇ ಕೇಳ್ತಾರೆ. ನೀನು ಬಾಯ್ ಬಿಡ್ಬೇಡ, ಬಿಟ್ರೆ ಪರ್ಸೆಂಟೇಜ್ ಹೊರಗೆ ಬರತ್ತೆ” ಎಂದರು ಭಾವ.

ತಲಘಟ್ಟಪುರ ತಲುಪಿದಾಗ ಕಾಲೇಜಿನ ಮುಂದೆ ಜಾತ್ರೆ ನೆರೆದಿತ್ತು. ಭೀಮೇಶ ಕಪ್ಪು ಜೀಪಿನಲ್ಲಿ ಬಂದಿದ್ದ. ಅವನ ಹಿಂದೆ ಬೈಕುಗಳಲ್ಲಿ ಏಳೆಂಟು ಹುಡುಗರು. “ಮಗಾ, ಇದೇ ಬಿಲ್ಡಿಂಗಾ?” “ಹೂಂ ಗುರು, ಸಖತ್ತಾಗಿದೆ” ಎಂದು ಹಾರ್ನ್ ಹೊಡೆಯುತ್ತಿದ್ದರು. ಪಿಳ್ಳಣ್ಣ ಕುತೂಹಲ ತಡೆಯಲಾರದೆ ಕೆಂಪಕ್ಕನ ಸಮೇತ ಬಂದು ನಿಂತಿದ್ದರು, ಕೈಯಲ್ಲಿ ಅಡಕತ್ತರಿ ಹಾಗೇ ಇತ್ತು. ಮಲಗಿದ್ದ ವಾಚ್‌ಮನ್ ಎದ್ದ, ನಮ್ಮನ್ನೆಲ್ಲ ನೋಡಿದ, ಮತ್ತೆ ಕಣ್ಣು ಮುಚ್ಚಿಕೊಂಡ. ಕಾಲೇಜಿನ ಮಹಡಿಯ ಕಿಟಕಿಯಲ್ಲಿ ಒಂದು ಬೋಳು ತಲೆ ಕಾಣಿಸಿ ಫಕ್ಕನೆ ಮಾಯವಾಯಿತು.

ನಾವು ಪ್ರಿನ್ಸಿಪಾಲರ ಕೋಣೆಗೆ ನುಗ್ಗಿದಾಗ ತಿಪ್ಪಣ್ಣ ಎಂಬ ಆ ಸಾಧು ಮನುಷ್ಯ ಮೇಜಿನ ಹಿಂದೆ ಎದ್ದು ನಿಂತಿದ್ದರು. ಕುರ್ಚಿಯನ್ನು ತಮಗೂ ನಮಗೂ ನಡುವೆ ಎಳೆದುಕೊಂಡಿದ್ದರು.

“ಸೀಟು ಫುಲ್ಲಾಗಿದೆ ಸಾರ್” ಎಂದರು, ನಾವು ಬಾಯಿ ತೆರೆಯುವ ಮುಂಚೆ.

ಭಾವ ನನ್ನ ಪಕ್ಕೆ ತಿವಿದು ಪಿಸುಗುಟ್ಟಿದರು. “ಕೇಳಿಸ್ಕೊಂಡ್ಯಾ? ಫುಲ್! ನಾನ್ ಹೇಳಿರ್ಲಿಲ್ವಾ ಒಳ್ಳೇ ಕಾಲೇಜು ಅಂತ?” ಆಮೇಲೆ ಅದರ ಅರ್ಥ ತಲೆಗೆ ಹತ್ತಿತು. ಅಕ್ಕನ ಮುಖ ನೋಡಿದರು. ಕೈಯಲ್ಲಿದ್ದ ಹಣ್ಣಿನ ಬುಟ್ಟಿಯನ್ನು ಮೇಜಿನ ಮೇಲಿಟ್ಟು ಮುಂದಕ್ಕೆ ತಳ್ಳಿದರು. “ಸಾರ್, ಹಾಗನ್ಬೇಡಿ ಸಾರ್. ಇವತ್ತೇ ಕಡೇ ದಿನ. ಇಷ್ಟ್ ಜನ ನಿಮಗೆ ಹೇಳಿದಾರೆ.”

“ಅದಕ್ಕೇ ಸಾರ್ ಹೇಳ್ತಿರೋದು! ನಮ್ದು ಸಣ್ಣ ಸಂಸ್ಥೆ. ನಿಮ್ಮ ಹುಡುಗನ್ನ ತಡ್ಕೊಳ್ಳೋ ಶಕ್ತಿ ನಮಗಿಲ್ಲ.”

“ತಡ್ಕೊಳ್ಳೋದು ಏನಿದೆ ಸಾರ್? ತುಂಬಾ ಸಾಧು. ಹಾಲು ತಂದಿಟ್ಟು ಮಲಗಿದ್ರೆ ಹತ್ತು ಗಂಟೆ ತನಕ ಏಳಲ್ಲ.”

“ರಾತ್ರಿಯೆಲ್ಲ ಎಲ್ಲಿರ್ತಾನೆ?”

“ಮನೇಲೇ ಸಾರ್! ರೂಮಿನ ಬಾಗಿಲು ಹಾಕ್ಕೊಂಡಿರ್ತಾನೆ. ಯಾರ ಹತ್ರಾನೂ ಒಂದು ಮಾತಾಡಲ್ಲ.”

ತಿಪ್ಪಣ್ಣನವರು ಹಣೆ ಒರೆಸಿಕೊಂಡರು. “ಪೊಲೀಸ್‌ನೋರು ಏನಂತಾರೆ?”

“ಪೊಲೀಸ್‌ನೋರು ಯಾಕ್ ಸಾರ್? ಅವ್ರ ಕಡೆಯಿಂದ್ಲೂ ಒಂದು ಮಾತು ಹೇಳಿಸ್ಬೇಕಿತ್ತಾ?” ಎಂದು ಭಾವ ಪ್ರಾಮಾಣಿಕವಾಗಿ ಕೇಳಿದರು. “ಇವತ್ತು ಸಂಜೆಯೊಳಗೆ ಹೇಳಿಸ್ತೀನಿ.”

“ಯಾರನ್ ಎತ್ಬೇಕು ಹೇಳಿ ಸಾರ್” ಎಂದು ಭೀಮೇಶ ಬಾಗಿಲಲ್ಲಿ ಸುಮ್ಮನೆ ಸೇರಿಸಿದ. ಪಿಳ್ಳಣ್ಣ ಅವನ ಭುಜದ ಮೇಲಿಂದ ಇಣುಕಿ, “ಹೊಟ್ಟೆಗಾಕಳಿ ಸ್ವಾಮಿ” ಎಂದರು. ಕೈಯಲ್ಲಿ ಅಡಕತ್ತರಿ ಫಳಫಳ ಎನ್ನುತ್ತಿತ್ತು.

ತಿಪ್ಪಣ್ಣನವರು ಕುರ್ಚಿಯ ಬೆನ್ನು ಗಟ್ಟಿಯಾಗಿ ಹಿಡಿದುಕೊಂಡು ಕ್ಷೀಣ ಸ್ವರದಲ್ಲಿ ಕೇಳಿದರು. “ಈಗ ಎಲ್ಲಿದಾನೆ ಅವ್ನು?”

ಎಲ್ಲರೂ ಹಿಂದೆ ಮುಂದೆ ನೋಡಿದೆವು. ಆಶ್ರಿತ್ ಇರಲಿಲ್ಲ.

“ಅಯ್ಯೋ, ನಮ್ ಕ್ಯಾಂಪಸ್ಸಲ್ಲಿ ಓಡಾಡ್ತಿದಾನಾ? ಯಲ್ಲಯ್ಯಾ! ಗೇಟ್ ಹಾಕು! ಹೆಣ್ ಮಕ್ಕಳನ್ನ ಲೈಬ್ರರಿಗೆ ಕಳ್ಸು!” ಪ್ರಿನ್ಸಿಪಾಲರು ಕಿಟಕಿಯಿಂದ ಕೂಗಿದರು. ವಾಚ್‌ಮನ್ ಯಲ್ಲಯ್ಯ ಏಳಲಿಲ್ಲ. ನಾಯಿ ಎದ್ದು ಒಂದು ಸಲ ಬೊಗಳಿತು.

ಅಷ್ಟರಲ್ಲಿ ಪಕ್ಕದ ಬಾಗಿಲು ತೆರೆದು ಹತ್ತಿಸೀರೆಯ, ಕನ್ನಡಕವನ್ನು ಹಣೆಯ ಮೇಲೇರಿಸಿಕೊಂಡ ಹೆಂಗಸೊಬ್ಬರು ಬಂದರು. ಅಡ್ಮಿಷನ್ ನೋಡಿಕೊಳ್ಳುವ ಸುಧಾಮಣಿ ಮೇಡಂ. ಅವರ ಹಿಂದೆ ಆಶ್ರಿತ್. ಅವನ ಕೈಯಲ್ಲಿ ಅರ್ಧ ತಿಂದ ಚಿತ್ರಾನ್ನದ ಡಬ್ಬಿ.

“ಸಾರ್, ಈ ಹುಡುಗನ ಅಪ್ಪ ಅಮ್ಮ ಬಂದಿದಾರಂತೆ ಸಹಿ ಹಾಕಕ್ಕೆ. ಎಲ್ಲಿ ಹೋದ್ರೋ ಕಾಣಿಸ್ತಿಲ್ಲ” ಎಂದರು ಸುಧಾಮಣಿ.

ತಿಪ್ಪಣ್ಣನವರ ಮುಖದಲ್ಲಿ ಆ ಬೆಳಗಿನ ಮೊದಲ ನಗು ಕಾಣಿಸಿತು. “ಬಾಪ್ಪ ಆಶ್ರಿತ್, ಬಾ. ನೀನು ಇಲ್ಲೇ ನನ್ ಪಕ್ಕ ನಿಂತ್ಕೋ. ಹೊರಗೆ ಹೋಗ್ಬೇಡ. ಯಾವನೋ ಒಬ್ಬ ಡೇಂಜರ್ ಹುಡುಗ ಕಾಲೇಜೊಳಗೆ ನುಗ್ಗಿದಾನೆ.”

“ಸರಿ ಸಾರ್” ಎಂದು ಆಶ್ರಿತ್ ಹೋಗಿ ಅವರ ಪಕ್ಕ ನಿಂತ. ಇನ್ನೊಂದು ತುತ್ತು ಚಿತ್ರಾನ್ನ ಬಾಯಿಗೆ ಹಾಕಿಕೊಂಡು, “ಅಪ್ಪಾ, ಇವ್ರೇ ನಮ್ ಪ್ರಿನ್ಸಿಪಾಲ್” ಎಂದ.

ತಿಪ್ಪಣ್ಣನವರು ಹುಡುಗನನ್ನು ನೋಡಿದರು, ಭಾವನನ್ನು ನೋಡಿದರು, ಭೀಮೇಶನನ್ನು ನೋಡಿದರು. “ಇವ್ನಾ? ಇವ್ನಿಗಾ ಅಷ್ಟು ಫೋನು?” ಎಂದು ಕುಸಿದು ಕುರ್ಚಿಯಲ್ಲಿ ಕೂತರು.

“ನಮ್ ಪ್ರಿನ್ಸಿಪಾಲಾ?” ಎಂದರು ಭಾವ. “ಯಾವಾಗಿಂದ?”

“ಬುಧವಾರದಿಂದ” ಎಂದ ಹುಡುಗ. “ನೀವು ಪಿಳ್ಳಣ್ಣ ತಾತನ ಮನೇಲಿದ್ರಲ್ಲ, ಆಗ ನಂಗೆ ಟಾಯ್ಲೆಟ್‌ಗೆ ಹೋಗ್ಬೇಕಾಯ್ತು. ಒಳಗ್ ಬಂದೆ. ಮೇಡಂ ಸಿಕ್ಕಿದ್ರು. ಬಿ.ಕಾಂಗೆ ಹೆಸ್ರು ಬರ್ಕೊಂಡು ಸಾರ್‌ಗೂ ಪರಿಚಯ ಮಾಡಿಸಿದ್ರು. ಶನಿವಾರದೊಳಗೆ ಅಪ್ಪನ್ನ ಕರ್ಕೊಂಡು ಬಾ, ಒಂದು ಸಹಿ ಹಾಕಿ ಫೀಸ್ ಕಟ್ಟಿದ್ರೆ ಆಯ್ತು ಅಂದ್ರು. ಹೇಳಕ್ಕೆ ನೋಡ್ದೆ, ನೀವು ಫೋನಲ್ಲಿದ್ರಿ.”

ಅಕ್ಕ ರೇಷ್ಮೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಳುತ್ತಿದ್ದಾಳೆ ಅಂದುಕೊಂಡೆ, ನಗುತ್ತಿದ್ದಳು. ಭಾವನಿಗೆ ಮಾತ್ರ ಇದು ಜೀರ್ಣವಾಗಲಿಲ್ಲ. “ಟಾಯ್ಲೆಟ್‌ಗೆ ಹೋದೋನಿಗೆ ಸೀಟು ಕೊಟ್ರಾ? ಯಾರ ಕಡೆಯಿಂದ್ಲೂ ಹೇಳಿಸ್ದೇನೇ? ನಿನ್ ಪರ್ಸೆಂಟೇಜ್ ಕೇಳ್ಲಿಲ್ವಾ?”

“ಕೇಳಿದ್ರು. ಕೊನೇಲಿ.”

“ಮೊದ್ಲು ಏನ್ ಕೇಳಿದ್ರು?”

ಹುಡುಗ ಚಿತ್ರಾನ್ನದ ಡಬ್ಬಿಯನ್ನು ನೋಡಿಕೊಂಡ. “ತಿಂಡಿ ಆಯ್ತಾ ಅಂತ ಕೇಳಿದ್ರು.”

ಅವನೇ ಮುಂದುವರಿಸಿದ. ಒಟ್ಟಿಗೆ ಅಷ್ಟು ಮಾತು ಅವನ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. “ಆಮೇಲೆ ನಿಂಗೆ ಏನಿಷ್ಟ ಅಂತ ಕೇಳಿದ್ರು. ನಂಗೊತ್ತಿಲ್ಲ ಅಂದೆ. ಬೈತಾರೆ ಅನ್ಕೊಂಡೆ. ಮೇಡಂ ನಕ್ಕುಬಿಟ್ಟು, ಗೊತ್ತಿಲ್ದೋರಿಗೇ ಅಲ್ವೇನಪ್ಪ ಕಾಲೇಜು ಇರೋದು, ಗೊತ್ತಿರೋರು ಇಲ್ಲಿಗ್ಯಾಕ್ ಬರ್ತಾರೆ ಅಂದ್ರು. ನಂಗೆ ಇಲ್ಲೇ ಓದ್ಬೇಕು ಅನ್ನಿಸ್ತು ಅಪ್ಪ.”

ಓದಬೇಕು ಅನ್ನಿಸ್ತು! ಹದಿನೆಂಟು ವರ್ಷದಲ್ಲಿ ಆ ಹುಡುಗ ಆಡಿರದಿದ್ದ ಮಾತು. ಅಕ್ಕನ ನಗು ಅಲ್ಲಿಗೆ ನಿಂತು ನಿಜವಾಗಿಯೂ ಅಳು ಬಂತು. ನಾನಾದರೂ ಏನು ಮಾಡಿದ್ದೆ, ಸುಳ್ಳು ಯಾಕೆ ಹೇಳಲಿ. ಎರಡು ತಿಂಗಳಿಂದ ಕಾರು ಓಡಿಸಿದೆ, ಪೆಟ್ರೋಲ್ ಸುಟ್ಟೆ, ಅವನು ಹಿಂದಿನ ಸೀಟಿನಲ್ಲೇ ಕೂತಿದ್ದ, ನಾನೂ ಅವನನ್ನು ಏನೂ ಕೇಳಿರಲಿಲ್ಲ. ಬಾಗಿಲಲ್ಲಿದ್ದ ಭೀಮೇಶ ಕೂಲಿಂಗ್ ಗ್ಲಾಸ್ ಹಾಕಿಕೊಂಡು, “ನನ್ ಕೆಲ್ಸ ಆಯ್ತಲ್ಲ ಸಾರ್” ಎಂದು ಹೊರಗೆ ಹೋದ.

ಕಿಟ್ಟಿ ಭಾವ ಸಹಿ ಹಾಕಿದರು. ಆಮೇಲೆ ಡಿಕ್ಕಿಯಿಂದ ಶಾಲು, ಹಾರ, ಪೇಟ ತರಿಸಿ ಕೈಗೆತ್ತಿಕೊಂಡರು. ಪ್ರಿನ್ಸಿಪಾಲರಿಗೆ ಹೊದಿಸಲು ಹೋದರೆ ಅವರು ಬೆಚ್ಚಿ ಹಿಂದೆ ಸರಿದರು. ಕೊನೆಗೆ ಸುಧಾಮಣಿ ಮೇಡಂ ಬೇಡ ಬೇಡವೆಂದರೂ ಬಿಡದೆ ಶಾಲು ಹೊದಿಸಿ, ಗಂಧದ ಹಾರ ಹಾಕಿ, ಮೈಸೂರು ಪೇಟ ಇಟ್ಟರು. ಕೆಂಪಕ್ಕ ಚಪ್ಪಾಳೆ ತಟ್ಟಿದರು. “ನಮ್ ಕುರೀಗೂ ಸೀಟ್ ಕೊಟ್ಟಿದ್ದು ಇದೇ ಅಮ್ಮಾವ್ರೇ” ಎಂದು ಪಕ್ಕದವರಿಗೆ ಪರಿಚಯ ಮಾಡಿಸಿದರು.

ಮೆಟ್ಟಿಲಿಳಿಯುವಾಗ ಭಾವ ಹಿಂದುಳಿದು ಸುಧಾಮಣಿಯವರ ಕಿವಿಯ ಹತ್ತಿರ ಏನೋ ಹೇಳುತ್ತಿದ್ದರು. ನಾನು ಕದ್ದು ಕೇಳಿದೆ. “ಮೇಡಂ, ನೀವು ಕೊಟ್ಟಿದ್ದು ಸರಿ. ಆದ್ರೂ ಯಾರಾದ್ರೂ ಕೇಳಿದ್ರೆ, ತುಂಬಾ ಕಷ್ಟಪಟ್ಟು ಆಯ್ತು ಅಂತ ಹೇಳಿ.”

ಈಗ ಆಶ್ರಿತ್ ದಿನಾ ಬನಶಂಕರಿಯಲ್ಲಿ ಮೆಟ್ರೋ ಹತ್ತಿ ತಲಘಟ್ಟಪುರಕ್ಕೆ ಹೋಗುತ್ತಾನೆ. ಮಾರ್ಕ್ಸು ಹೇಗಿದೆ ಅಂತ ಕೇಳಬೇಡಿ. ಬೆಳಿಗ್ಗೆ ತಾನಾಗಿಯೇ ಎದ್ದವನು ಮತ್ತೆ ಮಲಗುವುದಿಲ್ಲ, ಸದ್ಯಕ್ಕೆ ಅಷ್ಟು ಸಾಕು. ಅವನ ಡಬ್ಬಿಗೆ ಅಕ್ಕ ಇಬ್ಬರಿಗಾಗುವಷ್ಟು ಹಾಕಿ ಕಳಿಸುತ್ತಾಳೆ. ಹಾಲಿಗೆ ಏಳು ಗಂಟೆಯ ಮೇಲೆ, ಎಲ್ಲರೂ ಇರುವ ಹೊತ್ತಿಗೇ ಹೋಗಿ ಬರುತ್ತಾನೆ.

ಹೋದ ಭಾನುವಾರ ಹಿಂದಿನ ಬೀದಿಯ ಅಂಜನಮ್ಮ ತಮ್ಮ ಮೊಮ್ಮಗ ಶರಣನನ್ನು ಕರೆದುಕೊಂಡು ಭಾವನ ಮನೆಗೆ ಬಂದರು. ಹುಡುಗ ತಲೆ ತಗ್ಗಿಸಿ ಮೊಬೈಲ್ ಕವರು ಕೆರೆಯುತ್ತಿದ್ದ. “ಇವನದೂ ಮುಂದಿನ ವರ್ಷ ಪಿಯುಸಿ ಮುಗಿಯತ್ತೆ ಕಿಟ್ಟಪ್ಪ. ಓದೋದ್ರಲ್ಲಿ ಅಷ್ಟಕ್ಕಷ್ಟೆ. ಅದ್ಯಾವ್ದೋ ವಿದ್ಯಾಕುಂಭದಲ್ಲಿ ನಿಮಗೆ ಭಾರೀ ವಶೀಲಿ ಇದೆಯಂತಲ್ಲ. ಭೀಮೇಶ್ ಹೇಳ್ದ” ಎಂದರು.

ಭಾವ ಬೆನ್ನು ನೆಟ್ಟಗೆ ಮಾಡಿ ಕೂತರು. “ತುಂಬಾ ಕಷ್ಟ ಅಂಜನಮ್ಮನವ್ರೇ. ಸೀಟೆಲ್ಲಾ ಫುಲ್. ಆದ್ರೂ ಒಳಗಡೆ ನಮ್ಮೋರೊಬ್ರಿದಾರೆ, ಒಂದು ಮಾತು ಹೇಳ್ತೀನಿ ಇರಿ” ಎಂದು ಗಂಭೀರವಾಗಿ ಫೋನ್ ಹಚ್ಚಿದರು. ಒಳಗಿನ ಕೋಣೆಯಲ್ಲಿ ಆಶ್ರಿತನ ಫೋನ್ ರಿಂಗಾಯಿತು.

“ಹೇಳಿ ಅಪ್ಪ” ಎಂಬ ಧ್ವನಿ ಫೋನಿನಿಂದಲೂ ಬಂತು, ಬಾಗಿಲ ಸಂದಿಯಿಂದಲೂ ಬಂತು.

“ಸಾರ್, ನಮ್ ಕಡೆ ಹುಡುಗ ಒಬ್ಬ ಇದಾನೆ. ಏನ್ ಮಾಡ್ಬೇಕು ಸಾರ್?”

ಆ ಕಡೆಯ ಧ್ವನಿ ಏನೋ ಹೇಳಿತು. ಭಾವ “ಹೂಂ... ಹೂಂ... ಅಷ್ಟೇನಾ ಸಾರ್?” ಎಂದರು. ಫೋನ್ ಇಟ್ಟರು. ಅಂಜನಮ್ಮ ಉಸಿರು ಬಿಗಿಹಿಡಿದು ಕಾಯುತ್ತಿದ್ದರು. ಎಷ್ಟು ಪರ್ಸೆಂಟ್ ಬರಬಹುದು ಎಂದು ಹೇಳಲು ಶರಣ ಅಭ್ಯಾಸಬಲದಿಂದ ಆಗಲೇ ಬಾಯಿ ತೆರೆದಿದ್ದ.

ಭಾವ ಅವನನ್ನು ಕೈಸನ್ನೆಯಿಂದ ತಡೆದರು. ಸೋಫಾದಲ್ಲಿ ತಮ್ಮ ಪಕ್ಕದ ಜಾಗ ತಟ್ಟಿ ತೋರಿಸಿ, “ಬಾರಪ್ಪ ಇಲ್ಲಿ, ಕೂತ್ಕೋ” ಎಂದರು. “ತಿಂಡಿ ಆಯ್ತಾ?”